‘ಕೊಟ್ಟಿದ್ದೆ, ಅವನು ಹಾಕಲಿಲ್ಲ’ ಎಂದರೆ ಮುಗಿಯಿತೇ?

ಹಿರಿಯೂರು, ಚಳ್ಳಕೆರೆ ದಾಟಿ ಬಳ್ಳಾರಿ ಕಡೆ ಹೋಗುವವರಿಗೆ ಬಿ.ಜಿ. ಕೆರೆ ಗೊತ್ತಿರುತ್ತದೆ. ಮೊಳಕಾಲ್ಮುರು ತಾಲ್ಲೂಕಿನ ಊರು, ರಾಷ್ಟ್ರೀಯ ಹೆದ್ದಾರಿ 150ಎ ಮೇಲಿದೆ. ಕರಾವಳಿಯ ತೋಟ, ಗದ್ದೆ ನೋಡಿ ಅಭ್ಯಾಸವಾದ ಕಣ್ಣಿಗೆ ಇಲ್ಲಿನ ಬಯಲು, ಶೇಂಗಾ ಹೊಲ, ಬಂಡೆಗುಡ್ಡ, ಕುರಿ ಹಿಂಡು ಎಲ್ಲ ಬೇರೆಯೇ ಲೋಕ. ಬಳ್ಳಾರಿಯ ಮದುವೆಯೊಂದಕ್ಕೆ ಹೊರಟಿದ್ದ ನಾವು ಅಸರ್ ನಮಾಝ್‌ಗೆ ಜಾಗ ಹುಡುಕುತ್ತಾ ಇಲ್ಲಿ ಗಾಡಿ ನಿಲ್ಲಿಸಿದೆವು.

ಹೆದ್ದಾರಿ ಬದಿಯಲ್ಲಿ ಒಂದು ಗ್ರಾನೈಟ್, ಟೈಲ್ಸ್ ಅಂಗಡಿ. ಒಳಗೆ ಯಾರೋ ಫೋನಿನಲ್ಲಿ ಬ್ಯಾರಿ ಭಾಷೆಯಲ್ಲಿ ಜೋರಾಗಿ ಮಾತಾಡುತ್ತಿದ್ದರು. ಊರಿನಿಂದ ಅಷ್ಟು ದೂರದಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಕಾಲು ತಾನಾಗಿ ಅತ್ತ ತಿರುಗುತ್ತದೆ. ಸಲಾಂ ಹೇಳಿದೆವು. ಬಂಟ್ವಾಳ ಕಡೆಯವರು. ಹನ್ನೊಂದು ವರ್ಷ ಸೌದಿಯ ಜುಬೈಲ್‌ನಲ್ಲಿದ್ದು, ವಾಪಸ್ ಬಂದು, ಸಂಬಂಧಿಕರ ಜತೆ ಪಾಲು ಹಾಕಿ ಇಲ್ಲಿ ವ್ಯಾಪಾರ ಶುರು ಮಾಡಿದ್ದಾರೆ. ವುಝೂ ಮಾಡಲು ನೀರು ಕೊಟ್ಟರು, ನಮಾಝ್‌ಗೆ ಒಳಗಿನ ಕೋಣೆ ಬಿಟ್ಟುಕೊಟ್ಟರು, ಚಹಾ ತರಿಸಿದರು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಕೆಟ್ಟವರ ಕಥೆಯಲ್ಲ.

ಅಂಗಡಿಯ ಹಿಂದೆ ತಗಡಿನ ಶೆಡ್. ಅಲ್ಲಿ ಹತ್ತೊಂಬತ್ತು–ಇಪ್ಪತ್ತರ ಹುಡುಗನೊಬ್ಬ ಕಟಿಂಗ್ ಮೆಷಿನ್ ಹಿಡಿದು ಸ್ಲ್ಯಾಬ್ ಕೊಯ್ಯುತ್ತಿದ್ದ. ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಸುತ್ತಿಕೊಂಡ ಟವೆಲ್, ಕಣ್ಣಿಗೆ ಏನೂ ಇಲ್ಲ. ಬ್ಲೇಡ್ ಕಲ್ಲಿಗೆ ತಾಗಿದಾಗಲೆಲ್ಲ ಬಿಳಿ ಧೂಳು ಮೋಡದಂತೆ ಏಳುತ್ತಿತ್ತು. ತಲೆಕೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ಹುಡುಗ ಮುದುಕನ ಹಾಗೆ ಕಾಣುತ್ತಿದ್ದ.

ನಾವು ಸುಮ್ಮನಿರಲಾರದೆ ಕೇಳಿದೆವು. ಅವರು ನಕ್ಕು ಹೇಳಿದರು: “ಎಲ್ಲಾ ತಂದುಕೊಟ್ಟಿದ್ದೇನೆ ಇಚ್ಚಾ. ಕನ್ನಡಕ ಉಂಟು, ಮಾಸ್ಕ್ ಉಂಟು. ಹಾಕುವುದಿಲ್ಲ. ಏನು ಮಾಡುವುದು?”

ಈ ಮಾತನ್ನು ನಾವು ಎಷ್ಟು ಕಡೆ ಕೇಳಿಲ್ಲ! ಮನೆ ಕಟ್ಟಿಸುವವರು, ಬೇಕರಿ ನಡೆಸುವವರು, ಗುಜರಿ ಅಂಗಡಿಯವರು, ಮೀನಿನ ವ್ಯಾಪಾರದವರು ಎಲ್ಲರ ಬಾಯಲ್ಲೂ ಇದೇ. ಬೋಟಿನಲ್ಲಿ ಲೈಫ್ ಜಾಕೆಟ್ ಇರುತ್ತದೆ, ತಲೆದಿಂಬಾಗಿ. ಹೆಲ್ಮೆಟ್ ಇರುತ್ತದೆ, ಸೈಟಿನ ಶೆಡ್ಡಿನ ಮೊಳೆಗೆ ನೇತುಹಾಕಿ. ಹಾಗಾಗಿ ಆ ದಿನ ಇನ್ನೊಂದು ಕೆಲಸ ಮಾಡಿದೆವು. ಹುಡುಗನನ್ನೂ ಕೇಳಿದೆವು.

ಗೆರೆ ಕಾಣಲ್ಲ

ಅವನು ಮೊದಲು ಮಾಲಕರ ಮುಖ ನೋಡಿದ. ಅವರು ಫೋನ್ ಬಂದು ಆಚೆ ಹೋದ ಮೇಲೆ ಬಾಯಿಬಿಟ್ಟ. “ಭಾಯಿ ಕೊಟ್ಟಾರೆ ಅಣ್ಣ, ಸುಳ್ಳಲ್ಲ. ಕನ್ನಡಕ ಹಾಕ್ಕಂಡ್ರೆ ಬೆವರಿಗೆ ಮಂಜು ಮಂಜಾಗ್ತೈತೆ, ಗೆರೆ ಕಾಣಲ್ಲ. ಗೆರೆ ತಪ್ಪಿದ್ರೆ ಕಲ್ಲು ಹೋಗ್ತೈತೆ. ಕಲ್ಲು ಹೋದ್ರೆ ನನ್ ಲೆಕ್ಕಕ್ಕೆ ಬರ್ತೈತೆ.”

ಕೂಲಿ ದಿನದ್ದಲ್ಲ, ಅಡಿ ಲೆಕ್ಕದ್ದು. ಕೈಗವಸು ಹಾಕಿದರೆ ಕೈ ನಿಧಾನ, ಮಾಸ್ಕ್ ಹಾಕಿದರೆ ಸೆಕೆ, ಆಗಾಗ ನಿಲ್ಲಿಸಬೇಕು. ನಿಲ್ಲಿಸಿದಷ್ಟು ಅಡಿ ಕಡಿಮೆ. ಬೇಸಿಗೆಯಲ್ಲಿ ಈ ಸೀಮೆಯ ತಗಡಿನ ಶೆಡ್ಡಿನೊಳಗಿನ ಕಾವು ಹೇಗಿರುತ್ತದೆ ಎಂದು ಅಲ್ಲಿ ಹತ್ತು ನಿಮಿಷ ನಿಂತವರಿಗೆ ಗೊತ್ತು.

ನೀರು ಬಿಟ್ಟು ಕೊಯ್ಯಬಹುದಲ್ಲಾ ಎಂದೆವು. ನೀರು ಸುರಿಸುತ್ತಾ ಕೊಯ್ದರೆ ಧೂಳು ಕೆಸರಾಗಿ ಕೆಳಗೆ ಬೀಳುತ್ತದೆ, ಗಾಳಿಗೆ ಏಳುವುದೇ ತೀರಾ ಕಡಿಮೆ. ಹುಡುಗ ನಕ್ಕ. “ನೀರೆಲ್ಲೈತೆ ಅಣ್ಣ? ಕುಡಿಯಾಕೇ ಟ್ಯಾಂಕರ್ ತರಿಸ್ತೀವಿ.” ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಮೊಳಕಾಲ್ಮುರು, ಚಳ್ಳಕೆರೆ ಸೇರಿವೆ. ನಲ್ಲಿ ತಿರುಗಿಸಿದರೆ ನೀರು ಬರುವ ಊರಿನಿಂದ ಬಂದ ನಮಗೆ ಆ ಪ್ರಶ್ನೆ ಎಷ್ಟು ಸಲೀಸಾಗಿ ಬಾಯಿಗೆ ಬಂತು ನೋಡಿ.

ಈಗ ಲೆಕ್ಕ ಹಾಕಿ. ಕನ್ನಡಕ ಕೊಟ್ಟದ್ದು ನಿಜ, ಆದರೆ ಮಂಜು ಕಟ್ಟದ ಕನ್ನಡಕ ಕೊಡಲಿಲ್ಲ. ಮಾಸ್ಕ್ ಕೊಟ್ಟದ್ದು ನಿಜ, ಆದರೆ ಅದನ್ನು ಹಾಕಿಕೊಂಡು ಕೆಲಸ ಮಾಡುವಷ್ಟು ಪುರುಸೊತ್ತು ಕೂಲಿಯಲ್ಲಿ ಇಟ್ಟಿಲ್ಲ. ಕಲ್ಲು ಹಾಳಾದರೆ ಹುಡುಗನ ಲೆಕ್ಕ, ಕಣ್ಣು ಹಾಳಾದರೂ ಹುಡುಗನದೇ ಲೆಕ್ಕ. ಹೀಗಿರುವಾಗ ‘ಹಾಕಲಿಲ್ಲ’ ಎಂಬ ಆಯ್ಕೆ ನಿಜವಾಗಿ ಯಾರದ್ದು?

ಧೂಳಿನೊಳಗೆ ಏನಿದೆ

ಗ್ರಾನೈಟ್ ಧೂಳು ಬರೀ ಧೂಳಲ್ಲ. ಅದರಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು, ಗಂಟಲಲ್ಲಿ ನಿಂತು ಕಫದಲ್ಲಿ ಹೊರಗೆ ಬರುತ್ತದೆ. ಕಣ್ಣಿಗೆ ಕಾಣದ ಸಣ್ಣ ಕಣ ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಉಳಿಯುತ್ತದೆ. ಅಲ್ಲಿ ಗಾಯವಾಗಿ, ಗಾಯ ಒಣಗಿ ಗಟ್ಟಿಯಾಗಿ, ಶ್ವಾಸಕೋಶ ಹಿಗ್ಗುವುದನ್ನೇ ಕಳೆದುಕೊಳ್ಳುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಈ ರೋಗ ಇರುವವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಹಾಗಾಗಿ ‘ಟಿ.ಬಿ. ಅಂತೆ’ ಎಂದು ಊರಿಗೆ ಮರಳಿದ ಎಷ್ಟೋ ಮಂದಿಯ ಎದೆಯಲ್ಲಿ ಕಲ್ಲಿನ ಧೂಳು ಇದ್ದಿರಬಹುದು. ಹತ್ತು, ಹದಿನೈದು ವರ್ಷದ ನಂತರ ಕೆಮ್ಮು ಶುರುವಾಗುವಾಗ ಹುಡುಗ ಯಾವ ಮಾಲಕನ ಹತ್ತಿರ ಎಷ್ಟು ವರ್ಷ ಇದ್ದ ಎಂದು ಕೇಳುವವರು ಯಾರು?

ಇದು ಹೊಸ ವಿಷಯವೂ ಅಲ್ಲ. ನಮ್ಮದೇ ರಾಜ್ಯದ ಕೋಲಾರ ಚಿನ್ನದ ಗಣಿಯ ಕಾರ್ಮಿಕರಲ್ಲಿ 1940ರ ದಶಕದಷ್ಟು ಹಿಂದೆಯೇ ಇದು ದಾಖಲಾಗಿದೆ. ಕಾರ್ಖಾನೆ ಕಾಯ್ದೆಯಲ್ಲಿ ಇದು ಕಡ್ಡಾಯವಾಗಿ ಸರಕಾರಕ್ಕೆ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿತ್ತು.

ನಮ್ಮ ಮನೆಗಳ ಹೆಂಗಸರು ಓದುವ ಪುಟವಾದ್ದರಿಂದ ಇನ್ನೊಂದು ಮಾತು. ಈಗ ಅಡುಗೆಮನೆಗೆ ಗ್ರಾನೈಟ್ ಬದಲು ಹೊಳೆಯುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬ್ ಹಾಕಿಸುವುದು ಬಂದಿದೆ. ಗ್ರಾನೈಟ್‌ನಲ್ಲಿರುವ ಸಿಲಿಕಾಕ್ಕಿಂತ ಇದರಲ್ಲಿರುವುದು ಎಷ್ಟೋ ಹೆಚ್ಚು, ಕೆಲವದರಲ್ಲಿ ನೂರಕ್ಕೆ 90ರ ಮೇಲೆ. ಇದನ್ನು ಕೊಯ್ಯುವ ಎಳೆಯ ಕೆಲಸಗಾರರು ಸಾಲುಸಾಲಾಗಿ ಕಾಯಿಲೆ ಬಿದ್ದ ಮೇಲೆ ಆಸ್ಟ್ರೇಲಿಯ ದೇಶ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು. ಅಡುಗೆಮನೆಯಲ್ಲಿ ಕುಳಿತ ಕಲ್ಲಿನಿಂದ ಮನೆಯವರಿಗೆ ಏನೂ ಆಗುವುದಿಲ್ಲ. ಆಗುವುದು ಅದನ್ನು ಸಿಂಕಿನ ಅಳತೆಗೆ ಕೊರೆದುಕೊಟ್ಟವನಿಗೆ.

ಟವೆಲ್ ಬಗ್ಗೆಯೂ ಹೇಳಬೇಕು. ಟವೆಲ್, ಕರವಸ್ತ್ರ, ಬಟ್ಟೆ ಮಾಸ್ಕ್ ಯಾವುದೂ ಆ ಸಣ್ಣ ಕಣವನ್ನು ತಡೆಯುವುದಿಲ್ಲ. ಬೇಕಾದದ್ದು ಎನ್95 ಅಥವಾ ಎಫ್ಎಫ್‌ಪಿ2 ದರ್ಜೆಯ ಮಾಸ್ಕ್, ಅದರ ಮೇಲೆ ಐಎಸ್ 9473 ಎಂಬ ಗುರುತು ಇದ್ದರೆ ನಂಬಬಹುದು. ಅದೂ ಮುಖಕ್ಕೆ ಸರಿಯಾಗಿ ಅಂಟಿ ಕುಳಿತರೆ ಮಾತ್ರ. ಗಡ್ಡ ಬಿಟ್ಟವರಿಗೆ ಅಂಚಿನಲ್ಲಿ ಸಂದು ಉಳಿದು ಗಾಳಿ ಅಲ್ಲಿಂದಲೇ ಒಳಗೆ ಬರುತ್ತದೆ. ನಮ್ಮ ಹುಡುಗರಲ್ಲಿ ಗಡ್ಡ ಇರುವವರೇ ಹೆಚ್ಚು. ಗಡ್ಡ ತೆಗೆಯಿರಿ ಎನ್ನುವುದು ನಮ್ಮ ಮಾತಲ್ಲ. ಮಾಸ್ಕ್ ಒಂದನ್ನೇ ನಂಬಿ ಕೂರಬೇಡಿ, ಧೂಳು ಏಳದ ಹಾಗೆ ಮೊದಲು ನೋಡಿಕೊಳ್ಳಿ ಎಂಬುದು ಮಾತು. ಮಾಸ್ಕ್ ಕೊನೆಯ ಬಾಗಿಲು, ಮೊದಲನೆಯದ್ದಲ್ಲ.

ಜುಬೈಲ್‌ನಲ್ಲಿ ಹಾಕಿದ ಹೆಲ್ಮೆಟ್

ಚಹಾ ಕುಡಿಯುತ್ತಾ ಆ ಮಾಲಕರಲ್ಲಿ ಜುಬೈಲ್ ಬಗ್ಗೆ ಕೇಳಿದೆವು. ಮುಖ ಅರಳಿತು. ಹೆಲ್ಮೆಟ್, ಶೂ, ಕನ್ನಡಕ ಇಲ್ಲದೆ ಗೇಟಿನೊಳಗೆ ಬಿಡುತ್ತಿರಲಿಲ್ಲವಂತೆ. ಒಮ್ಮೆ ಬೆಲ್ಟ್ ಹಾಕದೆ ಏಣಿ ಹತ್ತಿದ್ದಕ್ಕೆ ಒಂದು ದಿನ ಕೆಲಸದಿಂದ ಹೊರಗೆ ನಿಲ್ಲಿಸಿದ್ದರಂತೆ. ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿಲಲ್ಲಿ ಕೆಲಸ ಇಲ್ಲ. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12ರಿಂದ 3ರವರೆಗೆ ಬಯಲಲ್ಲಿ ದುಡಿಸುವಂತಿಲ್ಲ, ಯುಎಇಯಲ್ಲೂ ಇದೇ ತಿಂಗಳುಗಳಲ್ಲಿ 12.30ರಿಂದ 3ರವರೆಗೆ ಇಂಥದ್ದೇ ನಿಯಮ. ಗಲ್ಫಿನಲ್ಲಿ ಎಲ್ಲವೂ ಸರಿ ಇದೆ ಎನ್ನುತ್ತಿಲ್ಲ. ಸಂಬಳ ಸಿಗದೆ, ಪಾಸ್‌ಪೋರ್ಟ್ ಸಿಗದೆ ಅಳುತ್ತಾ ಫೋನ್ ಮಾಡಿದ ಮಕ್ಕಳ ಉಮ್ಮಂದಿರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಆದರೂ ನಮ್ಮವರಲ್ಲಿ ಸಾವಿರಾರು ಮಂದಿ ಸೇಫ್ಟಿ ಎಂಬ ಪದ ಕಲಿತದ್ದು ಅಲ್ಲೇ.

“ಅಲ್ಲಿ ನಿಮ್ಮ ಹೆಲ್ಮೆಟಿಗೆ ಹಣ ಯಾರು ಕೊಟ್ಟದ್ದು?” ಎಂದೆವು. “ಕಂಪೆನಿ.” “ನೀವು ಹಾಕದಿದ್ದರೆ?” “ಫೋರ್‌ಮ್ಯಾನ್ ಬಿಡಬೇಕಲ್ಲ!” ಎಂದವರು ಸ್ವಲ್ಪ ಹೊತ್ತು ಸುಮ್ಮನಾದರು. ಅವರು ಹನ್ನೊಂದು ವರ್ಷ ಕ್ಷೇಮವಾಗಿದ್ದು ಬಂದದ್ದು ಅವರ ಶಿಸ್ತಿನಿಂದ ಮಾತ್ರವಲ್ಲ. ಹಾಕದೆ ಕೆಲಸ ಶುರು ಮಾಡಲು ಬಿಡದ ಒಬ್ಬ ಮನುಷ್ಯನಿಗೆ ಕಂಪೆನಿ ಸಂಬಳ ಕೊಟ್ಟು ನಿಲ್ಲಿಸಿತ್ತು. ಬಿ.ಜಿ. ಕೆರೆಯ ಶೆಡ್ಡಿನಲ್ಲಿ ಆ ಫೋರ್‌ಮ್ಯಾನ್ ಇಲ್ಲ. ಆ ಜಾಗ ಈಗ ಇವರದೇ.

ನಮ್ಮ ಸಮುದಾಯದಲ್ಲಿ ಕಳೆದ ಮೂವತ್ತು ನಲ್ವತ್ತು ವರ್ಷಗಳಲ್ಲಿ ಆದ ಬದಲಾವಣೆ ಇದು. ಬಂದರಿನಲ್ಲಿ ಮೂಟೆ ಹೊತ್ತವರ, ಬೀಡಿ ಕಟ್ಟಿದವರ ಮಕ್ಕಳು ಇಂದು ಗುತ್ತಿಗೆದಾರರು, ಅಂಗಡಿ ಮಾಲಕರು. ಬೀಡಿಯ ಹೊಗೆಸೊಪ್ಪಿನ ಧೂಳು ಕುಡಿದು ಕೆಮ್ಮಿದ ಉಮ್ಮ, ಅಜ್ಜಿಯರ ನೆನಪು ಎಷ್ಟು ಮನೆಗಳಲ್ಲಿಲ್ಲ? ಆ ಧೂಳಿಗೆ ಯಾವ ಮಾಲಕನೂ ಉತ್ತರ ಕೊಡಲಿಲ್ಲ. ಈಗ ಉತ್ತರ ಕೊಡಬೇಕಾದ ಕುರ್ಚಿಯಲ್ಲಿ ನಾವು ಕುಳಿತಿದ್ದೇವೆ.

ಬಜ್ಪೆಯ ಆ ತೊಟ್ಟಿ

2022ರ ಏಪ್ರಿಲ್ 17 ನೆನಪಿದೆಯೇ? ರಮಝಾನ್ ತಿಂಗಳು. ಬಜ್ಪೆ ಸಮೀಪ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ಮೀನಿನ ತ್ಯಾಜ್ಯದ ತೊಟ್ಟಿಗೆ ಇಳಿದ ಒಬ್ಬ ಕಾರ್ಮಿಕ ಒಳಗೇ ಕುಸಿದ. ಅವನನ್ನು ಎತ್ತಲು ಜತೆಗಾರರು ಒಬ್ಬರ ಹಿಂದೆ ಒಬ್ಬರು ಇಳಿದರು. ಐದು ಜನ ತೀರಿಕೊಂಡರು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಎಳೆಯ ಹುಡುಗರು. ಸುರಕ್ಷತಾ ಸಾಮಗ್ರಿ ಕೊಟ್ಟಿರಲಿಲ್ಲ ಎಂಬ ಆರೋಪದ ಮೇಲೆ ಪ್ರಕರಣ ದಾಖಲಾಯಿತು.

ಇಂಥ ತೊಟ್ಟಿಗಳಲ್ಲಿ ಕೊಳೆತ ಪದಾರ್ಥದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಬರುವುದು ನಿಲ್ಲುತ್ತದೆ. ‘ಈಗ ವಾಸನೆ ಇಲ್ಲ, ಇಳಿಯಬಹುದು’ ಎಂದುಕೊಂಡವನು ಎರಡು ಮೂರು ಉಸಿರಿಗೆ ಬೀಳುತ್ತಾನೆ. ಹಾಗಾಗಿ ಅಲ್ಲಿ ಟವೆಲ್ ಇರಲಿ, ಎನ್95 ಕೂಡ ಉಪಯೋಗಕ್ಕಿಲ್ಲ, ಅದು ಧೂಳಿಗೆ, ಅನಿಲಕ್ಕಲ್ಲ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ನಮ್ಮ ಮನೆಗಳ ಹಿತ್ತಲಲ್ಲಿ ಶೌಚದ ಗುಂಡಿ ಇದೆ, ಮಸೀದಿ, ಮದ್ರಸಗಳ ಹಿಂದೆಯೂ ಇದೆ. ಅದು ತುಂಬಿದಾಗ ಯಾರಿಗೋ ಎರಡು ಸಾವಿರ ಕೊಟ್ಟು ಇಳಿಸುವ ಮನೆಗಳು ಇನ್ನೂ ಇವೆ. 2013ರ ಕಾಯ್ದೆ ಪ್ರಕಾರ ಸುರಕ್ಷತೆಯಿಲ್ಲದೆ ಮನುಷ್ಯನನ್ನು ಅದಕ್ಕೆ ಇಳಿಸುವುದೇ ಅಪರಾಧ. ಮೊದಲ ಸಲವೇ 2 ವರ್ಷದ ತನಕ ಜೈಲು ಅಥವಾ 2 ಲಕ್ಷ ರೂ. ತನಕ ದಂಡ ಅಥವಾ ಎರಡೂ. ಚರಂಡಿ ಸಾವುಗಳಿಗೆ ಕನಿಷ್ಠ 30 ಲಕ್ಷ ರೂ. ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಹೀರುವ ಯಂತ್ರದ ಗಾಡಿಗೆ ಫೋನ್ ಮಾಡಿದರೆ ಬರುತ್ತದೆ. ಜಮಾಅತ್ ಕಮಿಟಿಯವರು ದಯವಿಟ್ಟು ಈ ಒಂದು ವಿಷಯದಲ್ಲಿ ಚೌಕಾಸಿ ಮಾಡಬೇಡಿ.

ಆಯುಸ್ಸು, ತವಕ್ಕುಲ್ ಮತ್ತು ಲೆಕ್ಕ

ಇಂಥ ಸಾವು ಕೇಳಿದಾಗ ‘ಆಯುಸ್ಸು ಅಷ್ಟೇ ಇತ್ತು’ ಎನ್ನುತ್ತೇವೆ. ಮರಣದ ಗಳಿಗೆ ಅಲ್ಲಾಹನ ಕೈಯಲ್ಲಿದೆ ಎಂಬುದು ನಮ್ಮ ಈಮಾನ್. ಅದು ದುಃಖದಲ್ಲಿರುವ ಮನೆಯವರಿಗೆ ಸಮಾಧಾನ. ಮಾಲಕನ ಬಾಯಲ್ಲಿ ಅದೇ ಮಾತು ನೆಪ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ)ಯವರು ತಿಳಿಸಿದ್ದನ್ನು ನಮ್ಮ ಉಸ್ತಾದರು ಎಷ್ಟು ಬಾರಿ ಹೇಳಿಲ್ಲ!

ಅಬೂದರ್ರ್(ರ) ಅವರ ಹದೀಸ್ ಇನ್ನೂ ನೇರ. ಅವರು ತೊಟ್ಟ ಬಟ್ಟೆಯಂಥದ್ದೇ ಬಟ್ಟೆಯನ್ನು ಅವರ ಸೇವಕನೂ ತೊಟ್ಟಿದ್ದ. ಜನ ಆಶ್ಚರ್ಯದಿಂದ ಕಾರಣ ಕೇಳಿದಾಗ ಅವರು ಪ್ರವಾದಿ(ಸ)ಯವರಿಂದ ಕಲಿತದ್ದನ್ನು ವಿವರಿಸಿದರು. ಕೈಕೆಳಗಿರುವವರು ನಿಮ್ಮ ಸಹೋದರರು, ನೀವು ತಿನ್ನುವುದನ್ನು ತಿನ್ನಿಸಿ, ಉಡುವುದನ್ನು ಉಡಿಸಿ, ಆಗದಷ್ಟು ಹೊರೆ ಹೊರಿಸಬೇಡಿ, ಹೊರಿಸಿದರೆ ಕೈಜೋಡಿಸಿ ಎಂಬುದು ಅದರ ಸಾರ. ಸೈಟ್ ನೋಡಲು ಬರುವ ಮಾಲಕನ ಕಾಲಲ್ಲಿ ಶೂ, ಕಂಬಿ ಕಟ್ಟುವವನ ಕಾಲಲ್ಲಿ ಚಪ್ಪಲಿ. ಈ ದೃಶ್ಯದ ಮುಂದೆ ಆ ಹದೀಸನ್ನು ಇಟ್ಟು ನೋಡಿ.

ಮದ್‌ಯನ್‌ನಲ್ಲಿ ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಂಡ ಹಿರಿಯರು ಕರಾರು ಮಾಡುವಾಗಲೇ ನಿನಗೆ ಕಷ್ಟ ಕೊಡಲು ನನಗಿಷ್ಟವಿಲ್ಲ ಎಂದು ಹೇಳಿದ್ದು ಕುರ್‌ಆನ್‌ನಲ್ಲಿದೆ. ದಾವೂದ್(ಅ)ರಿಗೆ ಕಬ್ಬಿಣ ಮೆದುಗೊಳಿಸಿ, ಮೈಕಾಯುವ ಕವಚ ಮಾಡುವ ವಿದ್ಯೆ ಕಲಿಸಿದ್ದೂ ಇದೆ. ಕೊಂಡಿಗಳ ಅಳತೆ ಸರಿ ಇರಬೇಕೆಂಬ ಸೂಚನೆ ಸಹಿತ. ಅಳತೆಗೆ ಸರಿ ಹೊಂದದ ರಕ್ಷಣೆ ರಕ್ಷಣೆಯಲ್ಲ ಎಂದು ಓದಿದರೆ ತಪ್ಪಾಗದು. ಮಂಜು ಕಟ್ಟುವ ಕನ್ನಡಕ ಆಗ ನಮಗೆ ನೆನಪಾಯಿತು.

ಕಾನೂನು ಏನು ಹೇಳುತ್ತದೆ

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದ ಜಾಗದ ಸುರಕ್ಷತೆಯ ಸಂಹಿತೆಯಲ್ಲಿ ಮಾಲಕನ ಕರ್ತವ್ಯ ಸ್ಪಷ್ಟ. ಅಪಾಯವಿಲ್ಲದ ಜಾಗ ಕೊಡಬೇಕು, ನೇಮಕದ ಪತ್ರ ಕೊಡಬೇಕು. ಸುರಕ್ಷತೆಗೆಂದು ಕೊಡುವ ಯಾವುದಕ್ಕೂ ಕೆಲಸಗಾರನಿಂದ ಹಣ ಪಡೆಯುವಂತಿಲ್ಲ. ಹೆಲ್ಮೆಟಿನ ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳುವವರು ಇದನ್ನು ಗಮನಿಸಬೇಕು. ಆದರೆ ಸಂಹಿತೆ ಸಾಮಾನ್ಯವಾಗಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ. ನಾಲ್ಕು ಜನರ ಗ್ರಾನೈಟ್ ಅಂಗಡಿ, ನಮ್ಮ ಮನೆಗೆ ಬರುವ ಪೇಂಟರ್, ತೆಂಗಿನ ಮರ ಹತ್ತುವವ ಇವರೆಲ್ಲ ಆ ಬಲೆಯ ಕಣ್ಣುಗಳಿಂದ ಜಾರಿ ಹೋಗುತ್ತಾರೆ.

ಪರಿಹಾರದ ವಿಷಯ ಹಾಗಲ್ಲ. 1923ರ ಪರಿಹಾರ ಕಾಯ್ದೆಯಲ್ಲೂ ಇದ್ದ ಒಂದು ನಿಯಮ ಇದೆ. ಕೊಟ್ಟ ಸುರಕ್ಷತಾ ಸಾಮಗ್ರಿಯನ್ನು ಕೆಲಸಗಾರ ಬೇಕೆಂದೇ ಬಳಸಲಿಲ್ಲ ಎಂದು ಸಾಬೀತು ಮಾಡಿದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದ ಗಾಯಗಳ ಮಟ್ಟಿಗೆ ಮಾಲಕ ಪಾರಾಗಬಹುದು. ಸಾವು ಅಥವಾ ಅಂಥ ಅಂಗವೈಕಲ್ಯ ಆದರೆ ಆ ವಾದ ನಡೆಯುವುದಿಲ್ಲ. ‘ಕೊಟ್ಟಿದ್ದೆ, ಹಾಕಲಿಲ್ಲ’ ಎಂಬ ಮಾತಿಗೆ ಕಾನೂನು ಕೊಟ್ಟ ಬೆಲೆ ಅಷ್ಟೇ. ಕಟ್ಟಡ ಕೆಲಸದವರಾದರೆ 18ರಿಂದ 60 ವಯಸ್ಸಿನೊಳಗೆ, ವರ್ಷದಲ್ಲಿ 90 ದಿನ ದುಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ ಲೇಬರ್ ಕಾರ್ಡ್ ಮಾಡಿಸಿಕೊಳ್ಳಬಹುದು. ತೊಂಬತ್ತು ದಿನ ದುಡಿದ ಪ್ರಮಾಣಪತ್ರಕ್ಕೆ ಸಹಿ ಹಾಕಲು ಹಿಂಜರಿಯುವ ನಮ್ಮ ಗುತ್ತಿಗೆದಾರರಿದ್ದಾರೆ. ಸಹಿಗೆ ಖರ್ಚಿಲ್ಲ.

ಇದೇ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಅಶೋಕನ ಶಾಸನಗಳಿವೆ. ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳಿ ಎಂದು ಆ ರಾಜ ಬೇರೆ ಕಡೆಯ ತನ್ನ ಶಾಸನಗಳಲ್ಲಿ ಕೆತ್ತಿಸಿದ್ದಾನೆ. ಕೆತ್ತಿದವರ ಎದೆಗೂ ಕಲ್ಲಿನ ಧೂಳು ಹೋಗಿರಬೇಕು ಎಂದು ಆ ಸಂಜೆ ಗಾಡಿಯಲ್ಲಿ ನಮ್ಮೊಳಗೇ ಮಾತಾಯಿತು.

ಮರಳಿ ಬರುವಾಗ

ಮದುವೆ ಮುಗಿಸಿ ಮೂರನೇ ದಿನ ಅದೇ ದಾರಿಯಲ್ಲಿ ಬಂದೆವು. ಶೆಡ್ಡಿನಲ್ಲಿ ಒಂದು ನೀಲಿ ಡ್ರಮ್ ಬಂದಿತ್ತು. ಡ್ರಮ್ಮಿನಿಂದ ಸಣ್ಣ ಪೈಪು ಬ್ಲೇಡಿನ ತನಕ. ಹರಿದ ನೀರು ಒಂದು ತೊಟ್ಟಿಗೆ ಬಿದ್ದು, ಕೆಸರು ತಳದಲ್ಲಿ ಕುಳಿತ ಮೇಲೆ ಮೇಲಿನ ನೀರನ್ನು ಮತ್ತೆ ಡ್ರಮ್ಮಿಗೆ ಸುರಿಯುವುದು. ಹೀಗೆ ಮಾಡಿದರೆ ಅದೇ ನೀರು ಮತ್ತೆ ಮತ್ತೆ ಬರುತ್ತದೆ. ಕೆಸರು ಒಣಗುವ ಮೊದಲೇ ಎತ್ತಬೇಕು, ಒಣಗಿದರೆ ಅದೇ ಧೂಳು ಎಂದು ನಾವು ಸೇರಿಸಿದೆವು. ಕರೆಂಟು ಮತ್ತು ನೀರು ಒಟ್ಟಿಗಿರುವುದರಿಂದ ಶಾಕ್ ತಡೆಯುವ ಬ್ರೇಕರ್ ಹಾಕಿಸಿ ಎಂದೂ ಹೇಳಿದೆವು. ಅದನ್ನು ಅವರು ಯೋಚಿಸಿರಲಿಲ್ಲ, ಎಲೆಕ್ಟ್ರಿಷಿಯನ್‌ಗೆ ಅಲ್ಲೇ ಫೋನ್ ಹಚ್ಚಿದರು. ಹುಡುಗನ ಕಣ್ಣಿಗೆ ಇನ್ನೂ ಹಳೆಯ ಕನ್ನಡಕವೇ, ಹಣೆಯ ಮೇಲೆ ಏರಿಸಿಕೊಂಡಿದ್ದ.

ಕೂಲಿಯ ಮಾತು ಬಂತು. ಅಡಿ ಲೆಕ್ಕ ಬಿಟ್ಟು ದಿನಗೂಲಿ ಮಾಡಿದರೆ ಕೆಲಸ ನಿಧಾನವಾಗುತ್ತದೆ, ರೇಟು ಅಡಿಗೆ ಎರಡು ಮೂರು ರೂಪಾಯಿ ಏರಿಸಬೇಕಾಗುತ್ತದೆ ಎಂದರು. ಹಿಂದಿನ ದಿನ ಒಬ್ಬ ಗಿರಾಕಿಗೆ ಹಾಗೆ ಹೇಳಿ ನೋಡಿದರಂತೆ. ಹೊಸ ಮನೆಗೆ ಇಡೀ ಮನೆಯ ನೆಲಹಾಸು, ದೊಡ್ಡ ಆರ್ಡರ್. ಎರಡು ರೂಪಾಯಿಗಾಗಿ ಆ ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋದರಂತೆ. ಯಾರವರು ಎಂದು ಕೇಳಿದೆವು.

“ನಮ್ಮವರೇ,” ಎಂದರು.